ಅಸ್ಗರ್ ಅಲಿ ಎಂಜಿನಿಯರ್ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಶ್ರೀರಂಗಪಟ್ಟಣದ ಕೋಟೆಯ ಪೂರ್ವಭಾಗದಲ್ಲಿ ನಿಂತಿರುವ ಮಸ್ಜಿದ್-ಎ-ಆಲಾದ ಎರಡು ಮಿನಾರುಗಳನ್ನು ನೋಡಲು ಬರುವ ಪ್ರವಾಸಿಗಳು ಕೇಳಿಕೊಂಡು ಹೋಗುವ ಕಥೆಗಳಲ್ಲಿ ಯುದ್ಧವಿದೆ, ದ್ರೋಹವಿದೆ, ಖಡ್ಗವಿದೆ, ೧೭೯೯ರ ಮೇ ೪ರ ಮಧ್ಯಾಹ್ನ ಆಂಗ್ಲರ ಸೈನ್ಯ ಕೋಟೆಯ ಬಿರುಕಿನಲ್ಲಿ ಒಳನುಗ್ಗಿದ ವೃತ್ತಾಂತವಿದೆ. ಆದರೆ ಅದೇ ಕೋಟೆಯೊಳಗಿನ ಟಿಪ್ಪು ಸುಲ್ತಾನನ ಅರಮನೆಯಲ್ಲಿ ಎರಡು ಸಾವಿರದಷ್ಟು ಹಸ್ತಪ್ರತಿಗಳ ಗ್ರಂಥಭಂಡಾರವೊಂದಿತ್ತೆಂಬುದನ್ನೂ, ಕುರ್‌ಆನಿನ ಭಾಷ್ಯಗಳು, ಹದೀಸಿನ ಸಂಗ್ರಹಗಳು, ಸೂಫಿಗಳ ಬರಹಗಳು, ವೈದ್ಯ, ಖಗೋಳ, ನೀತಿಶಾಸ್ತ್ರ, ಪಾರಸಿ ಮತ್ತು ದಖನೀ ಕಾವ್ಯಗಳು ಅದರಲ್ಲಿ ಸೇರಿದ್ದವೆಂಬುದನ್ನೂ ಹೇಳುವವರು ವಿರಳ. ಕೋಟೆ ಬಿದ್ದ ಮೇಲೆ ಆ ಗ್ರಂಥಗಳು ಈಸ್ಟ್ ಇಂಡಿಯಾ ಕಂಪನಿಯವರ ವಶವಾಗಿ ಕಲ್ಕತ್ತೆಗೂ ಲಂಡನ್ನಿಗೂ ಸಾಗಿಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸನು ಅವುಗಳ ವಿವರಣಾತ್ಮಕ ಸೂಚಿಯೊಂದನ್ನು ೧೮೦೯ರಲ್ಲಿ ಅಚ್ಚುಹಾಕಿಸಿದನು. ಊರಿನಲ್ಲಿ ಉಳಿದುದು ಕಲ್ಲು, ಗಾರೆ, ಗುಂಬಜು ಮತ್ತು ಕಥೆ. ಈ ನಷ್ಟವನ್ನು ನಾನು ಆಗಾಗ ನೆನೆಯುವುದುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಇಸ್ಲಾಮಿನ ವಿಷಯವಾಗಿ ಮಾತು ಎದ್ದಾಗಲೆಲ್ಲ ಅದು ಕಲ್ಲಿನ ಸುತ್ತ, ಕತ್ತಿಯ ಸುತ್ತ ಗಿರಕಿ ಹೊಡೆಯುತ್ತದೆಯೇ ಹೊರತು ಆ ಧರ್ಮದ ಒಳಗೆ ನಡೆದಿರುವ ಓದು, ವಿಚಾರ, ಆತ್ಮಪರೀಕ್ಷೆಗಳತ್ತ ತಿರುಗುವುದೇ ಅಪರೂಪವಾಗಿದೆ. ಅಂತಹ ಆತ್ಮಪರೀಕ್ಷೆಗೆ ತಮ್ಮ ಆಯುಷ್ಯವನ್ನೇ ಧಾರೆಯೆರೆದ ವಿದ್ವಾಂಸರೊಬ್ಬರ ಬಾಳನ್ನು ಇಲ್ಲಿಯ ಓದುಗರ ಮುಂದಿಡಬೇಕೆಂಬ ಹಂಬಲದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಅಸ್ಗರ್ ಅಲಿ ಎಂಜಿನಿಯರ್ ಅವರು ನಮ್ಮ ಸೀಮೆಯವರಲ್ಲ. ಅವರು ಹುಟ್ಟಿದುದು ೧೯೩೯ರ ಮಾರ್ಚ್ ೧೦ರಂದು, ರಾಜಸ್ಥಾನದ ಉದಯಪುರಕ್ಕೆ ಆಗ ಸೇರಿದ್ದ ಸಲೂಂಬರ್ ಎಂಬ ಸಣ್ಣ ಊರಿನಲ್ಲಿ; ದಾವೂದಿ ಬೊಹ್ರಾ ಪಂಥದ ಆಮಿಲರ, ಅಂದರೆ ಗುರುವಿನ ಪ್ರತಿನಿಧಿಯಾಗಿ ಪೌರೋಹಿತ್ಯ ನಡೆಸುವವರ, ಮನೆತನದಲ್ಲಿ. ತಂದೆಯೇ ಅವರ ಮೊದಲ ಗುರು. ಅರಬ್ಬೀ ಭಾಷೆ, ಕುರ್‌ಆನಿನ ತಫ್ಸೀರ್ ಎಂಬ ಬಹಿರಂಗ ವ್ಯಾಖ್ಯಾನ, ತಾವೀಲ್ ಎಂಬ ಅಂತರಂಗ ವ್ಯಾಖ್ಯಾನ, ಹದೀಸ್, ಧರ್ಮಶಾಸ್ತ್ರ, ಇವೆಲ್ಲವೂ ಬಾಲಕನಿಗೆ ಮನೆಯ ಜಗಲಿಯಲ್ಲಿಯೇ ದೊರೆತವು. ಮುಂದೆ ಅವರು ವಿಕ್ರಮ ವಿಶ್ವವಿದ್ಯಾಲಯದಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದು, ಮುಂಬಯಿಯ ಮಹಾನಗರಪಾಲಿಕೆಯಲ್ಲಿ ಸುಮಾರು ಇಪ್ಪತ್ತು ವರ್ಷ ಸೇವೆ ಸಲ್ಲಿಸಿದರು. ಹೆಸರಿನ ಕೊನೆಗೆ ಅಂಟಿದ ಆ ವೃತ್ತಿನಾಮ ವೃತ್ತಿಯನ್ನು ತೊರೆದ ಮೇಲೂ ಉಳಿಯಿತು. ಹಗಲು ಪಾಲಿಕೆಯ ಕಡತಗಳು, ರಾತ್ರಿ ರಸೆಲ್ಲನ, ಮಾರ್ಕ್ಸನ, ಸರ್ ಸಯ್ಯದ್ ಅಹಮದ್ ಖಾನರ, ಇಕ್ಬಾಲರ ಪುಸ್ತಕಗಳು. ಇವೆಲ್ಲದರ ನಡುವೆ ಬಾಲ್ಯದಲ್ಲಿ ಕಲಿತ ಅರಬ್ಬೀ ಗ್ರಂಥಗಳು. ಸಂಶಯವಾದಿಗಳ ಪುಸ್ತಕಗಳನ್ನು ಅಷ್ಟು ಶ್ರದ್ಧೆಯಿಂದ ಓದಿಯೂ ಶ್ರದ್ಧೆಯನ್ನು ಉಳಿಸಿಕೊಂಡುದು, ಶ್ರದ್ಧೆಯನ್ನು ಉಳಿಸಿಕೊಂಡೂ ಸಂಶಯವನ್ನು ಕೈಬಿಡದೆ ಹೋದುದು, ಇದೇ ಅವರ ಬದುಕಿನ ವೈಶಿಷ್ಟ್ಯವೆಂದು ನನಗೆ ತೋರುತ್ತದೆ.

ಬೊಹ್ರಾ ಸಮಾಜದ ಕಟ್ಟುಪಾಡುಗಳನ್ನು ಬಲ್ಲವರಿಗೆ ಅವರ ಸಾಹಸದ ತೂಕ ತಿಳಿದೀತು. ವಯಸ್ಸಿಗೆ ಬಂದ ಪ್ರತಿಯೊಬ್ಬ ಬೊಹ್ರಾ ಗಂಡಸೂ ಹೆಂಗಸೂ ಮೀಸಾಖ್ ಎಂಬ ನಿಷ್ಠೆಯ ಪ್ರತಿಜ್ಞೆಯಿಂದ ಧರ್ಮಗುರುವಿಗೆ ಬದ್ಧರಾಗುತ್ತಾರೆ. ಮದುವೆಗೂ ಮಣ್ಣಿಗೂ ಗುರುಪೀಠದ ಅಪ್ಪಣೆ ಬೇಕು. ಎದುರಾಡಿದವನಿಗೆ ಬಾರಾತ್ ಎಂಬ ಬಹಿಷ್ಕಾರ: ಆ ಮೇಲೆ ಅವನೊಡನೆ ಬಂಧುಗಳು ಮಾತನಾಡುವಂತಿಲ್ಲ, ಅವನ ಅಂಗಡಿಯಲ್ಲಿ ವ್ಯಾಪಾರ ಮಾಡುವಂತಿಲ್ಲ, ಅವನ ಹೆಣಕ್ಕೆ ಪಂಥದ ಖಬರಸ್ತಾನದಲ್ಲಿ ಆರಡಿ ನೆಲವೂ ಇಲ್ಲ. ಇಂತಹ ಬಹಿಷ್ಕಾರಗಳನ್ನು ತಡೆಯಲೆಂದು ಮುಂಬಯಿ ಪ್ರಾಂತ್ಯವು ೧೯೪೯ರಲ್ಲಿ ಕಾನೂನೊಂದನ್ನು ತಂದಿತ್ತಾದರೂ ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ಎಪ್ಪತ್ತರ ದಶಕದ ಆದಿಯಲ್ಲಿ ಉದಯಪುರದ ತರುಣ ಬೊಹ್ರಾಗಳು ಗುರುಪೀಠದ ನಿರಂಕುಶತೆಗೆ ವಿರೋಧವಾಗಿ ಎದ್ದಾಗ, ಮುಂಬಯಿಯಲ್ಲಿ ಸುಖವಾದ ನೌಕರಿಯಲ್ಲಿದ್ದ ಅಸ್ಗರ್ ಅಲಿಯವರು ಅವರ ಪರವಾಗಿ ಪತ್ರಿಕೆಗಳಲ್ಲಿ ಬರೆಯತೊಡಗಿದರು. ೧೯೭೭ರಲ್ಲಿ ಉದಯಪುರದಲ್ಲಿ ಸೇರಿದ ಸುಧಾರಣಾವಾದಿಗಳ ಪ್ರಥಮ ಸಮ್ಮೇಳನವು ಅವರನ್ನು ತನ್ನ ಕೇಂದ್ರ ಮಂಡಲಿಯ ಪ್ರಧಾನ ಕಾರ್ಯದರ್ಶಿಯನ್ನಾಗಿ ಆರಿಸಿತು. ಆ ಹುದ್ದೆಯೊಡನೆ ಬಂದುದು ಬಹಿಷ್ಕಾರ, ಬಂಧುವಿಯೋಗ, ಮೈಮೇಲೆ ಹಲ್ಲೆಗಳು. ೨೦೦೦ದ ಫೆಬ್ರುವರಿಯಲ್ಲಿ ಅವರ ಮನೆಯನ್ನೂ ಕಚೇರಿಯನ್ನೂ ಧ್ವಂಸಗೊಳಿಸಲಾಯಿತು. ಇಷ್ಟಾದರೂ ಅವರು ತಮ್ಮನ್ನು ಬೊಹ್ರಾ ಅಲ್ಲವೆಂದು ಹೇಳಿಕೊಳ್ಳಲಿಲ್ಲ. ತಕರಾರು ಇದ್ದುದು ಪೌರೋಹಿತ್ಯದ ಅಧಿಕಾರದೊಡನೆ. ಪಂಥದ ತತ್ತ್ವಗಳನ್ನು ಅವರು ಕೊನೆಯವರೆಗೂ ಗೌರವದಿಂದಲೇ ಕಂಡರು.

ಅವರು ಬರೆದ ಮತ್ತು ಸಂಪಾದಿಸಿದ ಐವತ್ತಕ್ಕೂ ಮೀರಿದ ಗ್ರಂಥಗಳಲ್ಲಿ ಮಿಗಿಲಾದುದು, ನನ್ನ ದೃಷ್ಟಿಯಲ್ಲಿ, ೧೯೯೨ರಲ್ಲಿ ಹೊರಬಂದ ಇಸ್ಲಾಮಿನಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತ ಪುಸ್ತಕ. ಅದರಲ್ಲಿ ಕಾಣುವ ಅವರ ವಿಧಾನ ಸರಳವೂ ಹೌದು, ಗಂಭೀರವೂ ಹೌದು. ಕುರ್‌ಆನಿನಲ್ಲಿ ಎರಡು ಬಗೆಯ ವಚನಗಳಿವೆ ಎನ್ನುತ್ತಾರೆ ಅವರು: ಏಳನೆಯ ಶತಮಾನದ ಅರಬ್ ಸಮಾಜದ ಆಗುಹೋಗುಗಳಿಗೆ ಉತ್ತರವಾಗಿ ಬಂದ ಸಾಂದರ್ಭಿಕ ವಚನಗಳು ಒಂದು, ಎಲ್ಲ ಕಾಲಕ್ಕೂ ಸಲ್ಲುವ ಮೌಲ್ಯವನ್ನು ವಿಧಿಸುವ ವಚನಗಳು ಇನ್ನೊಂದು. ಅದ್ಲ್, ಇಹ್ಸಾನ್, ರಹ್ಮ, ಹಿಕ್ಮ, ಅಂದರೆ ನ್ಯಾಯ, ಉಪಕಾರಬುದ್ಧಿ, ಕರುಣೆ, ವಿವೇಕ, ಎಂಬ ನಾಲ್ಕು ಶಬ್ದಗಳನ್ನು ಅವರು ಆ ಗ್ರಂಥದ ನಾಲ್ಕು ಕಂಬಗಳಂತೆ ಹಿಡಿದುಕೊಂಡರು. ಯಾವ ವ್ಯಾಖ್ಯಾನವು ಈ ನಾಲ್ಕಕ್ಕೆ ಭಂಗ ತರುವುದೋ ಅದು ಮನುಷ್ಯರ ವ್ಯಾಖ್ಯಾನದ ದೋಷವೆಂದು ಎಣಿಸಿದರು. ಬಹುಪತ್ನೀತ್ವದ ವಿಚಾರವನ್ನೇ ನೋಡೋಣ. ನಾಲ್ಕನೆಯ ಅಧ್ಯಾಯದ ಮೂರನೆಯ ವಚನವು ಅನಾಥರ ಹಿತದ ಸಂದರ್ಭದಲ್ಲಿ ನಾಲ್ವರವರೆಗೆ ಅನುಮತಿಯನ್ನು ಕೊಡುತ್ತಲೇ, ಸಮನಾಗಿ ನಡೆಸಿಕೊಳ್ಳಲಾರೆನೆಂಬ ಭಯವಿದ್ದವನಿಗೆ ಒಬ್ಬಳೇ ಸಾಕೆಂದು ನಿಯಮಿಸುತ್ತದೆ. ಅದೇ ಅಧ್ಯಾಯದ ನೂರ ಇಪ್ಪತ್ತೊಂಬತ್ತನೆಯ ವಚನವು ಎಷ್ಟು ಬಯಸಿದರೂ ಪತ್ನಿಯರ ನಡುವೆ ಸಮಾನ ನ್ಯಾಯ ನಡೆಸುವುದು ಮನುಷ್ಯನಿಂದಾಗದೆಂದು ತಿಳಿಸುತ್ತದೆ. ಈ ಎರಡು ವಚನಗಳನ್ನು ಜೊತೆಯಲ್ಲಿಟ್ಟು ಓದುವವನಿಗೆ ಗ್ರಂಥದ ಒಲವು ಯಾವ ಕಡೆಗಿದೆಯೆಂಬುದು ತಾನಾಗಿಯೇ ತಿಳಿಯುವುದೆಂಬುದು ಅವರ ವಾದ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಉಚ್ಚರಿಸಿ ಹೆಣ್ಣನ್ನು ಬೀದಿಗೆ ತಳ್ಳುವ ಪದ್ಧತಿಗೆ ಕುರ್‌ಆನಿನಲ್ಲಿ ಆಧಾರವಿಲ್ಲವೆಂದು ಅವರು ದಶಕಗಳ ಕಾಲ ಬರೆದರು, ಸಭೆಗಳಲ್ಲಿ ಹೇಳಿದರು, ಉಲೇಮಾಗಳ ಮುಂದೆ ಕುಳಿತು ವಾದಿಸಿದರು. ೨೦೧೭ರ ಆಗಸ್ಟ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ಅಸಿಂಧುವೆಂದು ಸಾರಿದಾಗ ಅದನ್ನು ಕೇಳಲು ಅವರಿರಲಿಲ್ಲ.

ಷರಿಯತ್ತೆಂದು ನಾವು ಕರೆಯುವುದರಲ್ಲಿ ಬಹುಭಾಗವು ಪ್ರವಾದಿಗಳ ತರುವಾಯದ ಶತಮಾನಗಳಲ್ಲಿ ಮನುಷ್ಯರೇ ತಮ್ಮ ಬುದ್ಧಿಯನ್ನೂ ತಮ್ಮ ನಾಡಿನ ರೂಢಿಯನ್ನೂ ಬೆರೆಸಿ ಕಟ್ಟಿದ ಶಾಸ್ತ್ರವಾದುದರಿಂದ, ಈ ಕಾಲದ ವಿದ್ವಾಂಸರಿಗೂ ಅದೇ ಅಧಿಕಾರವಿದೆಯೆಂಬುದು ಅವರ ಇನ್ನೊಂದು ಪ್ರತಿಪಾದನೆ. ಇದಕ್ಕೆ ಎದ್ದ ಆಕ್ಷೇಪಗಳನ್ನು ನಾನು ಲಘುವಾಗಿ ಕಾಣುವುದಿಲ್ಲ. ಅವರು ಬೊಹ್ರಾ, ಷಿಯಾ ಪರಂಪರೆಯ ಇಸ್ಮಾಯಿಲೀ ಶಾಖೆಯವರು, ಅವರ ಮಾತು ಸುನ್ನಿಗಳಿಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ತಾಲ್ಲೂಕುಗಳ ಮುಸಲ್ಮಾನರಲ್ಲಿ ಹೆಚ್ಚಿನವರು ಸುನ್ನಿಗಳೇ. ಆದರೆ ಅಸ್ಗರ್ ಅಲಿಯವರು ತೋರಿಸಿದುದು ಎಲ್ಲರಿಗೂ ಸಮಾನವಾದ ಗ್ರಂಥದ ವಚನಗಳನ್ನು. ವಚನವನ್ನು ತೋರಿಸಿದವನ ಕುಲವನ್ನು ವಿಚಾರಿಸುವುದರಿಂದ ವಚನದ ಅರ್ಥ ಬದಲಾಗದಷ್ಟೆ. ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಕಠಿನವಾಗಿ ಕಂಡ ವಚನಗಳನ್ನೆಲ್ಲ ಸಾಂದರ್ಭಿಕವೆಂದು ಬದಿಗಿರಿಸಿ, ಹಿತವಾಗಿ ಕಂಡವನ್ನು ಶಾಶ್ವತವೆಂದು ಎತ್ತಿಹಿಡಿಯುವುದು ತನ್ನ ಮನಸ್ಸಿಗೆ ಒಪ್ಪುವುದನ್ನೇ ಗ್ರಂಥದಲ್ಲಿ ಓದಿದಂತಾಗಲಿಲ್ಲವೆ? ಅವರ ಬರಹದಲ್ಲಿ ಈ ದೌರ್ಬಲ್ಯವುಂಟೆಂದು ನಾನು ಒಪ್ಪುತ್ತೇನೆ. ಅವರು ಬಹಳ ಬರೆದರು, ಅವಸರದಲ್ಲಿಯೂ ಬರೆದರು, ಹೇಳಿದ್ದನ್ನೇ ಹೇಳಿದರು. ಕೆಲವು ಅಧ್ಯಾಯಗಳಲ್ಲಿ ಪಂಡಿತನ ಎಚ್ಚರಕ್ಕಿಂತ ಚಳವಳಿಗಾರನ ಆತುರವೇ ಮುಂದಾಗಿದೆ. ಆದರೂ ನ್ಯಾಯವು ಗ್ರಂಥದ ಮೂಲಮೌಲ್ಯವೆಂದು ನಂಬಿದವನು ಅನ್ಯಾಯಕ್ಕೆ ಗುರಿಯಾದ ಹೆಣ್ಣಿನ ಕಣ್ಣಿನಿಂದ ಆ ಗ್ರಂಥವನ್ನು ಓದತೊಡಗಿದರೆ ಅದನ್ನು ಸ್ವಾರ್ಥದ ಓದೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು.

ಮತದ ಒಳಗಿನ ವಿಚಾರವಂತಿಕೆ ನಮ್ಮ ಸೀಮೆಗೆ ಹೊಸತೇನಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ನೆಲೆಸಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನಕ್ಕೆ ತಿರುಕುಲದವರೆಂಬ ಹೆಸರಿಟ್ಟು ದೇವಾಲಯದ ಪ್ರವೇಶಕ್ಕೆ ಹಾದಿ ಮಾಡಿದರೆಂಬುದು ಶ್ರೀವೈಷ್ಣವ ಪರಂಪರೆಯ ಮಾತು. ಚೆಲುವನಾರಾಯಣನನ್ನು ಅರಸುತ್ತ ದೆಹಲಿಯಿಂದ ಬಂದಳೆಂದು ಐತಿಹ್ಯ ಹೇಳುವ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಎಂಬ ಹೆಸರಿನಿಂದ ಆ ಸ್ವಾಮಿಯ ಪಾದಮೂಲದಲ್ಲಿ ಇಂದಿಗೂ ಪೂಜೆಗೊಳ್ಳುತ್ತಾಳೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ನಮಗೆ ಎ. ಎನ್. ಮೂರ್ತಿರಾಯರನ್ನು ಕೊಟ್ಟಿತು, ತೊಂಬತ್ತರ ವಯಸ್ಸಿನಲ್ಲಿ ಅವರು ‘ದೇವರು’ ಎಂಬ ಪುಸ್ತಕದಲ್ಲಿ ತಮ್ಮ ನಾಸ್ತಿಕ್ಯವನ್ನು ಎಳ್ಳಷ್ಟೂ ಒರಟುತನವಿಲ್ಲದೆ ನಿರೂಪಿಸಿದಾಗ ಆಸ್ತಿಕರೂ ಅದನ್ನು ಆದರದಿಂದ ಓದಿದರೆಂಬುದು ಕನ್ನಡಿಗರ ಹೆಮ್ಮೆಯ ವಿಷಯ. ಆ ಆದರದ ಅರ್ಧದಷ್ಟಾದರೂ ಮುಸ್ಲಿಂ ವಿಚಾರವಂತರಿಗೆ ದೊರೆತಿದೆಯೆ? ಕೃಷ್ಣರಾಜಪೇಟೆಯ ಗಡಿ ದಾಟಿದರೆ ಹಾಸನ ಜಿಲ್ಲೆ. ಹಾಸನದ ಬಾನು ಮುಷ್ತಾಕ್ ಅವರು ಹೆಣ್ಣುಮಕ್ಕಳಿಗೆ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆಯೆಂದು ೨೦೦೦ದಲ್ಲಿ ಹೇಳಿದುದಕ್ಕಾಗಿ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಬೇಕಾಯಿತು. ೨೦೨೫ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಅವರ ಕಥೆಗಳಿಗೆ ಬಂದಾಗ ನಾವೆಲ್ಲರೂ ಸಂಭ್ರಮಿಸಿದೆವು. ಆ ಮೂರು ತಿಂಗಳಲ್ಲಿ ಅವರ ಬಾಗಿಲು ತಟ್ಟಿದವರು ಎಷ್ಟು ಮಂದಿಯಿದ್ದರೆಂಬುದನ್ನು ನಮ್ಮ ನಮ್ಮಲ್ಲೇ ಕೇಳಿಕೊಳ್ಳಬೇಕಾಗಿದೆ.

ಶ್ರೀರಂಗಪಟ್ಟಣವೇ ಇಂತಹ ಬಹಿಷ್ಕಾರಕ್ಕೆ ಹಳೆಯದೊಂದು ದೃಷ್ಟಾಂತವನ್ನು ಇಟ್ಟುಕೊಂಡಿದೆ. ಜೌನ್‌ಪುರದ ಸಯ್ಯದ್ ಮಹಮ್ಮದರು (೧೪೪೩-೧೫೦೫) ಐಶ್ವರ್ಯವನ್ನು ತ್ಯಜಿಸಿ, ದೊರೆತುದನ್ನು ಸಮನಾಗಿ ಹಂಚಿಕೊಂಡು, ದೇವರ ಸ್ಮರಣೆಯಲ್ಲಿ ಬಾಳಬೇಕೆಂದು ಬೋಧಿಸಿದ ಮಹಾಸುಧಾರಕರು. ಅವರ ಅನುಯಾಯಿಗಳಾದ ಮಹದವಿಗಳು ಟಿಪ್ಪುವಿನ ಅಶ್ವದಳದಲ್ಲಿ ಹೆಸರಾಂತ ಸವಾರರಾಗಿದ್ದರು. ಹಾಗಿದ್ದೂ ಆ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ರಂಜಾನಿನ ರಾತ್ರಿಯೊಂದರ ಪ್ರಾರ್ಥನೆಯ ವಿಷಯವಾಗಿ ಎದ್ದ ವಿರಸವು ಬೆಳೆದು ಅವರು ಪಟ್ಟಣದಿಂದ ಹೊರದೂಡಲ್ಪಟ್ಟರು. ಟಿಪ್ಪುವಿನ ಅಭಿಮಾನಿಗಳೂ ವಿರೋಧಿಗಳೂ ಸಮನಾಗಿ ಮರೆತಿರುವ ಪ್ರಸಂಗವಿದು.

ಇನ್ನು ನಾಗಮಂಗಲದ ಮಾತು. ೨೦೨೪ರ ಸೆಪ್ಟೆಂಬರ್ ೧೧ರ ರಾತ್ರಿ ಗಣೇಶನ ವಿಸರ್ಜನೆಯ ಮೆರವಣಿಗೆಯ ವೇಳೆ ಆ ಊರಿನಲ್ಲಿ ಕಲ್ಲು ತೂರಾಟವಾಗಿ, ಅಂಗಡಿಗಳೂ ವಾಹನಗಳೂ ಬೆಂಕಿಗೆ ಆಹುತಿಯಾದವು. ಸೌಮ್ಯಕೇಶವನ ಊರು, ಕಂಚು ಹಿತ್ತಾಳೆಯ ಎರಕದ ಕುಶಲಕರ್ಮಿಗಳಿಂದ ಹೆಸರಾದ ಊರು, ಬೆಳಗಾಗುವುದರೊಳಗೆ ದೇಶದ ಪತ್ರಿಕೆಗಳ ಮುಖಪುಟದಲ್ಲಿ ಬೂದಿಯ ಚಿತ್ರವಾಗಿ ನಿಂತುದನ್ನು ಕಂಡು ನನಗಾದ ಸಂಕಟವನ್ನು ಇಲ್ಲಿ ವರ್ಣಿಸಲಾರೆ. ಆ ದಿನಗಳಲ್ಲಿ ನನಗೆ ಪದೇ ಪದೇ ನೆನಪಾದವರು ಅಸ್ಗರ್ ಅಲಿಯವರೇ. ೧೯೬೧ರಲ್ಲಿ ಜಬಲ್ಪುರದಲ್ಲಿ ನಡೆದ ಗಲಭೆಯು ವಿದ್ಯಾರ್ಥಿಯಾಗಿದ್ದ ಅವರ ಮನಸ್ಸನ್ನು ಕಲಕಿತ್ತು; ಮುಂದೆ ಎಲ್ಲಿ ಇಂತಹ ಅನಾಹುತ ನಡೆದರೂ ಅಲ್ಲಿಗೆ ಹೋಗಿ, ಎರಡೂ ಕಡೆಯವರ ಮನೆಗಳಲ್ಲಿ ಕುಳಿತು, ಪೊಲೀಸರನ್ನೂ ವರ್ತಕರನ್ನೂ ಕಂಡು, ನಿಜಾಂಶವನ್ನು ಬರೆದಿಡುವುದನ್ನು ಅವರು ಜೀವನದ ವ್ರತವನ್ನಾಗಿ ಮಾಡಿಕೊಂಡರು. ಮೊರಾದಾಬಾದಿನಲ್ಲಿ ಅವರು ಹಿತ್ತಾಳೆಯ ವ್ಯಾಪಾರವನ್ನು ವಿಚಾರಿಸಿದರು, ಭಿವಂಡಿಯಲ್ಲಿ ಮಗ್ಗಗಳ ಪೈಪೋಟಿಯನ್ನು, ಅಲಿಘರಿನಲ್ಲಿ ಬೀಗದ ಕಾರ್ಖಾನೆಗಳನ್ನು. ದೇವರ ಹೆಸರಿನಲ್ಲಿ ಹೊತ್ತಿಕೊಂಡ ಬೆಂಕಿಯ ಬುಡದಲ್ಲಿ ಯಾರ ಪೇಟೆ, ಯಾರ ಚುನಾವಣೆ, ಯಾರ ನಿವೇಶನ ಅಡಗಿದೆಯೆಂಬುದನ್ನು ಅವರು ಹುಡುಕುತ್ತಿದ್ದರು. ಬಾಬರಿ ಮಸೀದಿಯ ಧ್ವಂಸ ಮತ್ತು ಮುಂಬಯಿಯ ರಕ್ತಪಾತದ ಅನಂತರ ೧೯೯೩ರಲ್ಲಿ ಅವರು ಸ್ಥಾಪಿಸಿದ ಸಮಾಜ ಮತ್ತು ಧರ್ಮನಿರಪೇಕ್ಷತೆಯ ಅಧ್ಯಯನ ಕೇಂದ್ರವು ಈ ಕೆಲಸವನ್ನೇ ಮುಂದುವರಿಸಿತು. ಆಲೆಮನೆಯ ಬೆಲ್ಲವನ್ನು ಗೌಡರು ತಯಾರಿಸಿ ಸಾಬರು ಮಂಡಿಗೆ ಸಾಗಿಸುವ, ಒಕ್ಕಲಿಗರ ಟ್ರಾಕ್ಟರು ಕೆಟ್ಟರೆ ಮುಸ್ಲಿಂ ಮೇಸ್ತ್ರಿಯ ಗ್ಯಾರೇಜಿಗೆ ಹೋಗುವ ನಮ್ಮ ಸೀಮೆಯಲ್ಲಿ, ಒಂದು ರಾತ್ರಿಯ ಬೆಂಕಿ ಯಾವ ಯಾವ ಕೊಡುಕೊಳ್ಳುವ ಎಳೆಗಳನ್ನು ಸುಟ್ಟಿತೆಂಬುದನ್ನು ಅಷ್ಟೇ ತಾಳ್ಮೆಯಿಂದ ಕುಳಿತು ಬರೆದವರುಂಟೆ? ರಾಜಕೀಯ ಪಕ್ಷಗಳ ಸತ್ಯಶೋಧನೆಯ ಪ್ರವಾಸಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇಲ್ಲಿ ಹಿಂದೂ ಬಂಧುಗಳಿಗೂ ಒಂದು ಮಾತು ಹೇಳಲೇಬೇಕು. ೧೯೮೫ರಲ್ಲಿ ಇಂದೋರಿನ ಶಾಹ್ ಬಾನೂ ಎಂಬ ವೃದ್ಧೆಗೆ ಜೀವನಾಂಶ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ, ಮರುವರ್ಷ ಆ ತೀರ್ಪನ್ನು ಬಲಹೀನಗೊಳಿಸುವ ಕಾನೂನು ಬಂದಾಗ, ಅಸ್ಗರ್ ಅಲಿಯವರು ತೀರ್ಪಿನ ಪರವಾಗಿಯೂ ಕಾನೂನಿನ ವಿರುದ್ಧವಾಗಿಯೂ ನಿಂತು ತಮ್ಮವರ ಕೋಪಕ್ಕೆ ಗುರಿಯಾದರು. ಅದೇ ಅಸ್ಗರ್ ಅಲಿಯವರು, ಏಕರೂಪ ಕಾನೂನನ್ನು ಅಲ್ಪಸಂಖ್ಯಾತರ ಮೇಲೆ ಬೆದರಿಕೆಯಂತೆ ಹೇರುವುದನ್ನು ವಿರೋಧಿಸಿ, ಕುರ್‌ಆನಿನ ನ್ಯಾಯದೃಷ್ಟಿಗೆ ಅನುಗುಣವಾಗಿ ಮುಸ್ಲಿಂ ವೈಯಕ್ತಿಕ ಕಾನೂನನ್ನು ಸಂಹಿತೆಯಾಗಿ ಬರೆಯಬೇಕೆಂದು ಕೊನೆಯವರೆಗೂ ಶ್ರಮಿಸಿದರು. ಅವರ ಮೊದಲ ಮಾತನ್ನು ಮಾತ್ರ ಹೆಕ್ಕಿಕೊಂಡು ನೆರೆಯವನ ಮುಖಕ್ಕೆ ಹಿಡಿಯುವವರು ಅವರಿಗೆ ಎಸಗುವ ಅಪಚಾರವು ಗುರುಪೀಠದ ಬಹಿಷ್ಕಾರಕ್ಕಿಂತ ಕಡಿಮೆಯದಲ್ಲ. ಸುಧಾರಕನನ್ನು ಹೊರಗಿನವರು ದೊಣ್ಣೆಯಾಗಿ ಬಳಸತೊಡಗಿದ ದಿನದಿಂದ ಅವನ ಮಾತು ಮನೆಯೊಳಗೆ ಯಾರಿಗೂ ಕೇಳಿಸದಂತಾಗುತ್ತದೆ. ಮೌಲ್ವಿಯ ಎದುರು ಧೈರ್ಯದಿಂದ ನಿಂತ ಹೆಣ್ಣುಮಗಳು ಶತ್ರುಗಳ ಪಕ್ಷದವಳೆಂಬ ಬಿರುದನ್ನು ಹೊರಬೇಕಾಗುತ್ತದೆ. ಇದನ್ನು ನಾವು ಕಾಣದೆ ಇಲ್ಲ.

ಹಾಗಾದರೆ ನಾಲ್ಕು ತಾಲ್ಲೂಕುಗಳಲ್ಲಿ ಮಾಡಬಹುದಾದುದೇನು? ನನ್ನ ಬೇಡಿಕೆ ದೊಡ್ಡದಲ್ಲ. ಕುರ್‌ಆನಿನ ಕನ್ನಡ ಅನುವಾದಗಳು ನಮ್ಮಲ್ಲಿವೆ. ಅರ್ಥವರಿಯದೆ ಅರಬ್ಬೀ ಅಕ್ಷರಗಳನ್ನು ಕಂಠಪಾಠ ಮಾಡುವ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಅವರು ಶಾಲೆಯಲ್ಲಿ ಕಲಿಯುವ ಕನ್ನಡದಲ್ಲಿಯೇ ಅದರ ಅರ್ಥವನ್ನು ಓದಿಸುವ ಏರ್ಪಾಡನ್ನು ಮಸೀದಿಗಳ ಮುತವಲ್ಲಿಗಳು ಮಾಡಬೇಕು. ಅಸ್ಗರ್ ಅಲಿಯವರ ಹತ್ತಾರು ಗ್ರಂಥಗಳಲ್ಲಿ ಎರಡನ್ನಾದರೂ, ಸ್ತ್ರೀಯರ ಹಕ್ಕುಗಳನ್ನು ಕುರಿತುದನ್ನೂ ೨೦೧೧ರಲ್ಲಿ ಬಂದ ಅವರ ಆತ್ಮಕಥೆಯನ್ನೂ, ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಗ್ರಂಥಾಲಯಗಳು ತರಿಸಿ, ಬೀರುವಿನೊಳಗೆ ಬೀಗ ಹಾಕದೆ ಮೇಜಿನ ಮೇಲೆ ಇಡಬೇಕು. ಕಾಲೇಜುಗಳ ಕನ್ನಡ ಅಧ್ಯಾಪಕರು, ಅವರಲ್ಲಿ ಮುಸಲ್ಮಾನರೂ ಇದ್ದಾರೆ, ಅಸ್ಗರ್ ಅಲಿಯವರ ಪ್ರಬಂಧಗಳನ್ನು ತಿಳಿಗನ್ನಡದಲ್ಲಿ ವಿದ್ಯಾರ್ಥಿಗಳಿಗೆ ತಲುಪಿಸಬೇಕು. ಎರಡು ಸಾವಿರ ಪುಸ್ತಕಗಳನ್ನು ಕಳೆದುಕೊಂಡ ಊರಿನಲ್ಲಿ ಎರಡು ಪುಸ್ತಕಗಳಿಂದ ಆರಂಭಿಸುವುದು ಅಷ್ಟೇನೂ ಅತಿಯಾಸೆಯಲ್ಲವೆಂದು ಭಾವಿಸುತ್ತೇನೆ.

ಸ್ವಾಮಿ ಅಗ್ನಿವೇಶರೊಡನೆ ೨೦೦೪ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ಹಂಚಿಕೊಂಡ ಅಸ್ಗರ್ ಅಲಿಯವರು, ಒಬ್ಬ ಆರ್ಯಸಮಾಜದ ಸಂನ್ಯಾಸಿಯೂ ಒಬ್ಬ ಇಸ್ಮಾಯಿಲೀ ಪಂಡಿತರೂ ಒಂದೇ ವೇದಿಕೆಯಲ್ಲಿ ನಿಂತ ಆ ಗಳಿಗೆಯ ಅನಂತರವೂ, ಕೈಯಲ್ಲೊಂದು ಚೀಲ ಹಿಡಿದು ಸಣ್ಣ ಊರುಗಳ ಶಿಬಿರಗಳಿಗೆ ಅಲೆಯುವುದನ್ನು ಬಿಡಲಿಲ್ಲ. ೨೦೧೩ರ ಮೇ ೧೪ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ಪಂಥದ ಖಬರಸ್ತಾನದ ಬಾಗಿಲು ಬಹಿಷ್ಕೃತರಿಗೆ ಮುಚ್ಚಿರುವುದಷ್ಟೆ. ಸಾಂತಾಕ್ರೂಜಿನಲ್ಲಿರುವ, ಉರ್ದೂ ಕವಿಗಳು ಮಲಗಿರುವ ಮುಸ್ಲಿಂ ಖಬರಸ್ತಾನದಲ್ಲಿ ಅವರಿಗೆ ಮಣ್ಣು ದೊರೆಯಿತು.